ಐದು-ಒಂಬತ್ತು ಸರ್, ಹೆಸರು ಇನ್ನೊಂದ್ಸಲ ಹೇಳಿ

ಹ್ಯಾಮ್ ರೇಡಿಯೋದಲ್ಲಿ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮನೆಯಿಂದಲೇ ನಡೆಸುವ ರೇಡಿಯೋದಲ್ಲಿ, ನೀವೆಲ್ಲ ಏನು ಮಾತಾಡ್ತೀರಿ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡೋದು ಕಷ್ಟ. ಕೇಳುವವರ ತಲೆಯಲ್ಲಿ ಆಗಲೇ ಒಂದು ಚಿತ್ರ ಇರುತ್ತದೆ. ಪ್ರವಾಹ ಬಂದಿದೆ, ಮೊಬೈಲ್ ಟವರ್ ಬಿದ್ದಿದೆ, ಒಬ್ಬ ಬ್ಯಾಟರಿ ಮುಂದೆ ಕೂತು ಹೊರಗಿನ ಊರಿಗೆ ಸುದ್ದಿ ಕಳಿಸುತ್ತಿದ್ದಾನೆ. ಅದೇನೂ ಸುಳ್ಳಲ್ಲ. 2004ರ ಸುನಾಮಿಯಲ್ಲಿ ಅಂಡಮಾನ್‌ನಿಂದ ಸುದ್ದಿ ತಂದವರಲ್ಲಿ ಹ್ಯಾಮ್‌ಗಳೂ ಇದ್ದರು. ಆದರೆ ಸುನಾಮಿ ದಿನಾ ಬರಲ್ಲ. ಉಳಿದ ದಿನ ನಾವು ಮಾತಾಡೋದು ಸಂಪ್ ಮೋಟರ್, ಶುಗರ್, ಮಂಡಿ ನೋವು, ಟೆರೇಸ್ ಸೋರೋದು, ಈ ಸಲದ ಅವರೆಕಾಯಿಗೆ ಸೊಗಡು ಇದೆಯಾ ಇಲ್ವಾ. ಇಷ್ಟೇ. ಪರೀಕ್ಷೆ ಬರೆದು, ದೆಹಲಿಯಿಂದ ಲೈಸೆನ್ಸ್ ಬರೋವರೆಗೂ ಕಾದು, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಲೆದು ಕೇಬಲ್ಲು ಕನೆಕ್ಟರು ತಂದು, ಕೊನೆಗೆ ನಲ್ಲಿ ವಾಷರ್ ಬಗ್ಗೆ ಮಾತಾಡೋದಾ? ಮನೆಯವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ.

ಇದರಲ್ಲಿ ಕಾನೂನಿನ ಪಾಲೂ ಇದೆ. ಅಂತರರಾಷ್ಟ್ರೀಯ ರೇಡಿಯೋ ನಿಯಮಗಳಲ್ಲಿ 2003ರಲ್ಲಿ ತಿದ್ದುಪಡಿ ಆಗುವವರೆಗೂ ಒಂದು ವಿಚಿತ್ರ ಷರತ್ತು ಇತ್ತು. ಬೇರೆ ಬೇರೆ ದೇಶದ ಹ್ಯಾಮ್‌ಗಳು ತಮ್ಮ ಪ್ರಯೋಗಗಳ ಬಗ್ಗೆ ಮಾತಾಡಬಹುದು. ಅದು ಬಿಟ್ಟರೆ ಸ್ವಂತದ ಮಾತು ಆಡಬಹುದು, ಆದರೆ ಆ ಮಾತು ಟೆಲಿಫೋನು ಟೆಲಿಗ್ರಾಫಿಗೆ ದುಡ್ಡು ಖರ್ಚು ಮಾಡುವಷ್ಟು ಮುಖ್ಯ ಆಗಿರಬಾರದು. ಟ್ರಂಕ್ ಕಾಲ್ ಕಾಲದ ನಿಯಮ. ಟೆಲಿಫೋನ್ ಇಲಾಖೆಗಳ ಆದಾಯ ಹೋಗಬಾರದು ಅನ್ನೋದು ಲೆಕ್ಕಾಚಾರ. ಅಂದರೆ ಮುಖ್ಯವಲ್ಲದ್ದನ್ನೇ ಮಾತಾಡಿ ಅಂತ ಬರವಣಿಗೆಯಲ್ಲೇ ಹೇಳಿಸಿಕೊಂಡ ಹವ್ಯಾಸ ಇದು. ಜೊತೆಗೆ ವ್ಯಾಪಾರದ ಮಾತು ಆಡುವಂತಿಲ್ಲ, ರಾಜಕೀಯ ಧರ್ಮ ಎತ್ತಬಾರದು ಅನ್ನೋದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡ ಮರ್ಯಾದೆ. ಇಷ್ಟೆಲ್ಲ ತೆಗೆದುಹಾಕಿದ ಮೇಲೆ ಉಳಿಯೋದು ಏನು? ತಿಂಡಿ, ಮಾತ್ರೆ, ಪ್ಲಂಬಿಂಗ್.

ಆದರೆ ವರ್ಷಗಟ್ಟಲೆ ಈ ಮುಖ್ಯವಲ್ಲದ ಮಾತನ್ನು ಕೇಳಿ ಕೇಳಿ ನನಗೆ ಒಂದು ಗುಮಾನಿ ಹುಟ್ಟಿದೆ. ಅದನ್ನೇ ಇಲ್ಲಿ ಬರೆಯೋಣ ಅಂತ.

ಮೊದಲು ಒಂದು ಸೂಚನೆ. ಯಾರ ಕಾಲ್ ಸೈನೂ, ಅಂದರೆ ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರೂ, ಇಲ್ಲಿ ಬರೆಯಲ್ಲ. ಅದನ್ನು ಹಿಡಿದುಕೊಂಡು ಹುಡುಕಿದರೆ ಮನೆ ಬಾಗಿಲಿಗೇ ಹೋಗಿ ನಿಲ್ಲಬಹುದು. ಹಾಗಾಗಿ ನಾವು ನಾವೇ ಕರೆದುಕೊಳ್ಳುವ ಹಾಗೆ ಬಡಾವಣೆ ಹೆಸರಲ್ಲೇ ಕರೆಯುತ್ತೇನೆ. ಜಾಲಹಳ್ಳಿ ಅಂದರೆ ನಮ್ಮಲ್ಲಿ ಹಿರಿಯರು, ಕಾರ್ಖಾನೆಯಿಂದ ನಿವೃತ್ತರಾದವರು. ಬಸವೇಶ್ವರನಗರ ಮಿತಭಾಷಿ. ಕೆಂಗೇರಿ ವಾಚಾಳಿ. ಗಿರಿನಗರದವರು ನಮ್ಮ ಗುಂಪಿನ ಒಬ್ಬರೇ ಹೆಂಗಸು, ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವರು. ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ, ಅಂದರೆ 40 ಮೀಟರ್ ಬ್ಯಾಂಡಿನಲ್ಲಿ ಸೇರುತ್ತೇವೆ. ಬಿಸಿಲೇರಿದ ಮೇಲೆ ಆಕಾಶದ ಕೆಳಗಿನ ಪದರ ಸಿಗ್ನಲ್ ನುಂಗೋಕೆ ಶುರು ಮಾಡುತ್ತದೆ. ಅದಕ್ಕೆ ಮುಂಚೆ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಎಲ್ಲ ಪಕ್ಕದ ರೂಮಿನಲ್ಲಿ ಇದ್ದಂತೆ ಕೇಳಿಸುತ್ತವೆ. ಈ ಬ್ಯಾಂಡಿಗೆ ಬೇಕಾದ ಸಾದಾ ಆಂಟೆನಾ ಸುಮಾರು 66 ಅಡಿ ತಂತಿ. ನಮ್ಮ 30-40 ಸೈಟಿನ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ. ಉಳಿದ 16 ಅಡಿಗೆ ಬೆಂಗಳೂರಿನ ಪ್ರತಿಯೊಬ್ಬ ಹ್ಯಾಮೂ ತನ್ನದೇ ಒಂದು ಪರಿಹಾರ ಕಂಡುಕೊಂಡಿದ್ದಾನೆ. ನನ್ನದರಲ್ಲಿ ಪಕ್ಕದ ಮನೆಯ ತೆಂಗಿನಮರ ಇದೆ, ಮತ್ತೆ ಅವರ ಮನೆಗೆ ಆಗಾಗ ಹೋಗುವ ಒಬ್ಬಟ್ಟು ಇದೆ.

ಎಲ್ಲರಿಗೂ ಐದು-ಒಂಬತ್ತು

ಹ್ಯಾಮ್‌ಗಳು ಸಿಕ್ಕ ತಕ್ಷಣ ಒಬ್ಬರಿಗೊಬ್ಬರು ಸಿಗ್ನಲ್ ರಿಪೋರ್ಟ್ ಕೊಡುತ್ತಾರೆ. ಎರಡು ಅಂಕಿ. ಮೊದಲನೆಯದು 1ರಿಂದ 5, ಮಾತು ಎಷ್ಟು ಅರ್ಥ ಆಗುತ್ತಿದೆ ಅಂತ. ಎರಡನೆಯದು 1ರಿಂದ 9, ಸಿಗ್ನಲ್ ಎಷ್ಟು ಜೋರಾಗಿದೆ ಅಂತ. ಐದು-ಒಂಬತ್ತು ಅಂದರೆ ಅತ್ಯುತ್ತಮ. ಇದು ಪ್ರಾಮಾಣಿಕವಾಗಿ ಕೊಡಬೇಕಾದ ಮಾಹಿತಿ, ಯಾಕೆಂದರೆ ಆ ಕಡೆಯವರು ಅದನ್ನು ನಂಬಿ ಆಂಟೆನಾ ಸರಿ ಮಾಡಿಕೊಳ್ಳುತ್ತಾರೆ. ಆದರೆ ಆಗೋದೇ ಬೇರೆ. ಎಲ್ಲರೂ ಎಲ್ಲರಿಗೂ ಐದು-ಒಂಬತ್ತು ಕೊಡುತ್ತಾರೆ. "ಐದು-ಒಂಬತ್ತು ಸರ್, ತುಂಬಾ ಚೆನ್ನಾಗಿ ಬರ್ತಿದೆ, ನಿಮ್ಮ ಹೆಸರು ಇನ್ನೊಂದ್ಸಲ ಹೇಳ್ತೀರಾ?" ಇದು ನಮ್ಮಲ್ಲಿ ಹಳೇ ಜೋಕು. ಪ್ರಪಂಚದ ಎಲ್ಲ ಕಡೆಯ ಹ್ಯಾಮ್‌ಗಳಲ್ಲೂ ಇದೆಯಂತೆ.

ಸಿಗ್ನಲ್ ರಿಪೋರ್ಟ್ ಆದಮೇಲೆ ಮುಂದಿನ ಪ್ರಶ್ನೆ "ಹೇಗಿದ್ದೀರಿ?" ಅದಕ್ಕೂ ಉತ್ತರ ಐದು-ಒಂಬತ್ತೇ. ಚೆನ್ನಾಗಿದ್ದೀನಿ, ಏನೂ ತೊಂದರೆ ಇಲ್ಲ, ನಿಮ್ಮ ಆಶೀರ್ವಾದ. ಸ್ಟೆಂಟ್ ಹಾಕಿಸಿಕೊಂಡು ಬಂದವರೂ ಹೀಗೇ ಹೇಳೋದನ್ನು ಕೇಳಿದ್ದೇನೆ. ನಾನೂ ಹಾಗೇ ಹೇಳುತ್ತೇನೆ. ಯಾರಿಗೂ ಮೋಸ ಮಾಡುವ ಉದ್ದೇಶ ಇಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟರೆ ಮುಂದಿನವರಿಗೆ ಮಾತು ಹೊರಡಲ್ಲ, ಅಷ್ಟೇ.

ನನ್ನ ಗುಮಾನಿ ಏನೆಂದರೆ, ನಿಜವಾದ ರಿಪೋರ್ಟು ಬರುತ್ತದೆ, ಆದರೆ ಬೇರೆ ಬಾಗಿಲಿಂದ ಬರುತ್ತದೆ. ರಿಪೇರಿ ಪ್ರಶ್ನೆಯಾಗಿ ಬರುತ್ತದೆ. ತಿಂಡಿ ಸುದ್ದಿಯಾಗಿ ಬರುತ್ತದೆ. ಕೇಳುವವರಿಗೆ ಕಿವಿ ಇರಬೇಕು.

ಟವಲ್ ರಾಡ್

ಒಂದು ಬೆಳಿಗ್ಗೆ ಬಸವೇಶ್ವರನಗರದವರು ಕೇಳಿದರು: ಬಚ್ಚಲುಮನೆ ಟೈಲ್ಸ್‌ಗೆ ಬಿರುಕು ಬಿಡದ ಹಾಗೆ ತೂತು ಹೊಡೆಯೋದು ಹೇಗೆ, ಸ್ಕ್ರೂ ಹಿಡಿಯೋಕೆ ಗೋಡೆಯೊಳಗೆ ಎಂಬತ್ತು ಕೆಜಿ ತಡೆಯೋ ಆ್ಯಂಕರ್ ಯಾವುದು ಹಾಕಬೇಕು? ನಮ್ಮ ಗುಂಪಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಜಾಲಹಳ್ಳಿ ಶುರು ಮಾಡಿದರು. ಬಾಣದ ತುದಿಯಂಥ ಕಾರ್ಬೈಡ್ ಬಿಟ್ ತಗೊಳ್ಳಿ. ಗುರುತು ಮಾಡುವ ಜಾಗಕ್ಕೆ ಮೊದಲು ಪೇಪರ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಬಿಟ್ ಜಾರುತ್ತೆ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ನಿಧಾನವಾಗಿ ತಿರುಗಿಸಿ. ಟೈಲ್ ದಾಟಿ ಗಾರೆ ಸಿಕ್ಕಿದ ಮೇಲೆ ಬಿಟ್ ಬದಲಾಯಿಸಿ, ಆಗ ಹ್ಯಾಮರ್ ಹಾಕಿಕೊಳ್ಳಿ. ಕೆಂಗೇರಿಯವರು ಬಿಡಲಿಲ್ಲ. ಹಳೇ ಸೆರಾಮಿಕ್ ಟೈಲ್ ಆದರೆ ಅದು ಸಾಕು, ವಿಟ್ರಿಫೈಡ್ ಆದರೆ ಡೈಮಂಡ್ ಬಿಟ್ಟೇ ಬೇಕು, ಬಾಟಲಿಯಿಂದ ನೀರು ಬಿಡುತ್ತಾ ಇರಬೇಕು, ಟೈಲಿನ ಅಂಚಿನ ಹತ್ತಿರ ಹೋಗಲೇಬಾರದು. ನಡುವೆ ಹುಬ್ಬಳ್ಳಿಯ ಒಬ್ಬರು ನುಗ್ಗಿದರು. "ಅದೆಲ್ಲಾ ಖರೇ ರೀ, ಮೊದ್ಲ ಗ್ವಾಡ್ಯಾಗ ಪೈಪ್ ಎಲ್ಲಿ ಹೋಗೇತಿ ನೋಡ್ಕೋರಿ." ಒಳ್ಳೇ ಮಾತು. ನಲ್ಲಿಯ ನೇರ ಮೇಲೆ ಕೆಳಗೆ ಡ್ರಿಲ್ ಮಾಡಬಾರದು, ಪೈಪು ಸಾಮಾನ್ಯವಾಗಿ ಅಲ್ಲೇ ಹಾದುಹೋಗಿರುತ್ತದೆ.

ಗಿರಿನಗರದವರು ಅಲ್ಲಿಯವರೆಗೂ ಸುಮ್ಮನಿದ್ದರು. ಅವರ ಸರದಿ ಬಂದಾಗ ಒಂದೇ ಪ್ರಶ್ನೆ. "ಗೋಡೆಗೆ ಏನು ಹಾಕ್ತಿದ್ದೀರಿ ಸರ್?"

"ಟವಲ್ ರಾಡು ಮೇಡಂ."

"ಟವಲ್ ರಾಡಿಗೆ ಎಂಬತ್ತು ಕೆಜಿ ತಡೆಯೋ ಆ್ಯಂಕರ್ ಯಾಕೆ ಕೇಳಿದ್ರಿ?"

ಉತ್ತರ ಬರಲಿಲ್ಲ. ನಾವು ಮಾತಾಡುವ ಪದ್ಧತಿಯಲ್ಲಿ ಮೈಕ್ ಒತ್ತಿ ಸುಮ್ಮನಿದ್ದರೆ ಆ ಕಡೆಗೆ ಏನೂ ಗೊತ್ತಾಗಲ್ಲ, ಮೀಟರಿನ ಮುಳ್ಳೂ ಏಳಲ್ಲ. ಅವರು ಮೈಕ್ ಒತ್ತಿಕೊಂಡೇ ಕೂತಿದ್ದಾರೆ ಅಂತ ಗೊತ್ತಾದದ್ದು ಅವರ ಅಡುಗೆಮನೆಯ ಕುಕ್ಕರ್ ಕೂಗಿದ್ದರಿಂದ. ಒಂದು ಸೀಟಿ ಪೂರ್ತಿ ಬಂತು. ಆಮೇಲೆ ಬಿಟ್ಟುಬಿಟ್ಟರು. ಜಾಲಹಳ್ಳಿಯವರು ಏನೂ ಆಗದವರಂತೆ ಮಾತು ತಗೊಂಡರು. "ಹಾಗಾದ್ರೆ ಎತ್ತರ ಮುಖ್ಯ. ಟವಲ್ಲಿಗೆ ಆದ್ರೆ ಭುಜದ ಎತ್ತರ. ಕೈ ಹಿಡಿಯೋಕೆ ಆದ್ರೆ ಸೊಂಟಕ್ಕಿಂತ ಸ್ವಲ್ಪ ಮೇಲೆ. ಗಾಜಿಗೆ ಅಂಟುತ್ತಲ್ಲ, ರಬ್ಬರ್ ಕಪ್ಪಿಂದು, ಅದನ್ನ ಮಾತ್ರ ತರಬೇಡಿ. ಇವತ್ತು ಹಿಡಿಯುತ್ತೆ, ಬೇಕಾದ ದಿನ ಬಿಡುತ್ತೆ. ಓವರ್." ಮುಂದಿನವರು ಮಾತಾಡಿದ್ದು ಆಂಟೆನಾದ ಕೊಯಾಕ್ಸ್ ಕೇಬಲ್ ಬಗ್ಗೆ.

ಆ ವಾರಾಂತ್ಯ ನಾನು ಡ್ರಿಲ್ ತಗೊಂಡು ಬಸವೇಶ್ವರನಗರಕ್ಕೆ ಹೋದೆ. ಅವರು ಬಾಗಿಲಲ್ಲೇ ಹೇಳಿದರು, ಇದು ಮನೆಯವರಿಗೆ, ಅವರಿಗೆ ಮಂಡಿ. ಅವರು ಎಕ್ಸ್‌ಟೆನ್ಷನ್ ಬಾಕ್ಸ್ ಹುಡುಕೋಕೆ ಮೇಲೆ ಹೋದಾಗ ಅವರ ಹೆಂಡತಿ ಕಾಫಿ ಕೊಡುತ್ತಾ ಕೇಳಿದರು: "ನನಗೆ ಅಂತ ಹೇಳಿರ್ಬೇಕು, ಅಲ್ವಾ?" ಬಿಪಿ ಮಾತ್ರೆ ಜಾಸ್ತಿ ಮಾಡಿದಾಗಿನಿಂದ ಇವರಿಗೆ ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಒಮ್ಮೆ ಬಚ್ಚಲಲ್ಲಿ ಬಕೆಟ್ ಹಿಡಿದುಕೊಂಡು ಉಳಿದುಕೊಂಡರಂತೆ. ಡಾಕ್ಟರಿಗೆ ಹೇಳಿದಿರಾ ಅಂದೆ. ಹೇಳ್ತೀನಿ ಹೇಳ್ತೀನಿ ಅಂತಾರೆ ಅಂದರು. ಆಮೇಲೆ ಎತ್ತರದ ಗುರುತು ಹಾಕುವಾಗ ಇಬ್ಬರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿದೆ. ಕಮೋಡ್ ಪಕ್ಕ ನಿಂತು ಸುಮ್ನೆ ಗೋಡೆಗೆ ಕೈ ಇಡಿ ಅಂದೆ, ಯೋಚನೆ ಮಾಡಬೇಡಿ ಅಂದೆ. ಎರಡು ಪೆನ್ಸಿಲ್ ಗುರುತು ಬಿದ್ದವು. ಅವುಗಳ ಮಧ್ಯೆ ಎರಡು ಬೆರಳಿನ ಅಂತರ. "ಅವಳದ್ದೇ ಇರಲಿ" ಅಂದರು ಅವರು. "ಬೇಡ, ಅವರದ್ದು ಹಾಕಿ" ಅಂದರು ಇವರು. ನಾನು ನಡುವೆ ಹಾಕಿದೆ. ಟೇಪಿನ ಮೇಲೆ ಬಿಟ್ ಇಟ್ಟಾಗ ಮೊದಲು ಬರೀ ಬಿಳಿ ಪುಡಿ ಉದುರಿತು. ಸ್ವಲ್ಪ ಹೊತ್ತಾದ ಮೇಲೆ ಶಬ್ದ ಬದಲಾಯಿತು, ಪುಡಿ ಬೂದು ಬಣ್ಣಕ್ಕೆ ತಿರುಗಿತು. ಅಲ್ಲಿಂದಾಚೆ ಗಾರೆ. ಟೈಲ್ ಬಿರುಕು ಬಿಡಲಿಲ್ಲ.

ಗಿರಿನಗರದವರು ಆ ದಿನವೇ ಅವರಿಗೆ ಫೋನ್ ಮಾಡಿ ಬೈದಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಡಾಕ್ಟರು ಡೋಸ್ ಇಳಿಸಿದರು. ರಾಡು ಹಾಗೇ ಇದೆ, ಅದರ ಮೇಲೆ ಟವಲ್ಲೂ ಇದೆ.

ಇವತ್ತಿನ ತಿಂಡಿ

ನಮ್ಮ ಬೆಳಗಿನ ಮಾತಿನಲ್ಲಿ ಹವಾಮಾನ ಎರಡು ವಾಕ್ಯ, ತಿಂಡಿ ಹತ್ತು ವಾಕ್ಯ. ಯಾರ ಮನೆಯಲ್ಲಿ ಏನು ಅಂತ ಹೇಳದೆ ಯಾರೂ ಸರದಿ ಮುಗಿಸಲ್ಲ. ಅವರೆಕಾಯಿ ಕಾಲ ಬಂದರಂತೂ ಆಂಟೆನಾ ಸುದ್ದಿ ಇಲ್ಲವೇ ಇಲ್ಲ. ಹಿತಕಿದ ಬೇಳೆ ಸಾರಿಗೆ ತೆಂಗಿನಕಾಯಿ ಎಷ್ಟು, ಮಾಗಡಿ ಕಡೆಯ ಕಾಯಿ ಬಂತಾ, ಅವರೆಬೇಳೆ ಮೇಳದ ಗುಂಪಿನಲ್ಲಿ ನಿಂತು ಅವರೆಬೇಳೆ ದೋಸೆ ತಿನ್ನೋದು ಈ ವಯಸ್ಸಿಗೆ ಬೇಕಾ, ಇಂಥವು.

ಕೆಂಗೇರಿಯವರು ಮೊದಲಿಂದಲೂ ಅಕ್ಕಿರೊಟ್ಟಿ ಪಾರ್ಟಿ. ರೊಟ್ಟಿ ಮೇಲೆ ಬೆಣ್ಣೆ, ಅದನ್ನು ವಿವರಿಸುವ ರೀತಿಯಲ್ಲೇ ನಮಗೆ ಹಸಿವಾಗಬೇಕು. ಒಂದು ಸೋಮವಾರ ಅವರು ಹೇಳಿದ್ದು "ಇವತ್ತು ನವಣೆ ಉಪ್ಪಿಟ್ಟು." ಮಂಗಳವಾರ ರಾಗಿ ದೋಸೆ. ಬುಧವಾರ ಮತ್ತೆ ನವಣೆ. ಯಾರೂ ಏನೂ ಕೇಳಲಿಲ್ಲ. ಶುಕ್ರವಾರದ ಹೊತ್ತಿಗೆ ಜಾಲಹಳ್ಳಿಯವರು ತಮ್ಮ ಸರದಿಯಲ್ಲಿ, ಯಾರಿಗೂ ಅಲ್ಲದ ಹಾಗೆ, ಎಚ್‌ಬಿಎ1ಸಿ ಅನ್ನೋ ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ, ಅದು ಹತ್ತಿರ ಹತ್ತಿರ ಮೂರು ತಿಂಗಳ ಸರಾಸರಿ ತೋರಿಸುತ್ತೆ, ಹಾಗಾಗಿ ಹಿಂದಿನ ದಿನ ಒಂದು ದಿನ ಉಪವಾಸ ಮಾಡಿ ಏಮಾರಿಸೋಕೆ ಆಗಲ್ಲ ಅಂದರು. ಕೆಂಗೇರಿಯವರು ನಕ್ಕರು. ನಮಗೆಲ್ಲ ಗೊತ್ತಾಯಿತು. ಅವರಿಗೂ ನಮಗೆ ಗೊತ್ತಾಗಿದೆ ಅಂತ ಗೊತ್ತಾಯಿತು. ಅಂಕಿ ಎಷ್ಟು ಅಂತ ಅವರೇ ಒಂದು ವಾರದ ಮೇಲೆ ಹೇಳಿದರು, ಏಳು ಪಾಯಿಂಟ್ ನಾಲ್ಕು. ಆರೂವರೆಯಿಂದಲೇ ಅದು ಡಯಾಬಿಟಿಸ್ ಲೆಕ್ಕಕ್ಕೆ ಬರುತ್ತದೆ.

ಜಾಲಹಳ್ಳಿಯವರದ್ದು ಇನ್ನೂ ಚೆಂದ. ಅವರು ಕಾಫಿ ಲೋಟ ಹಿಡಿದೇ ರೇಡಿಯೋ ಹಾಕುವವರು. ಪೀಬರಿ, ಸ್ವಲ್ಪವೇ ಚಿಕೋರಿ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಫಿಲ್ಟರಿನ ತೂತು ಮುಚ್ಚಿಕೊಂಡರೆ ಅದನ್ನು ಒಲೆ ಉರಿಯ ಮೇಲೆ ಹಿಡಿದು, ವಿನೆಗರಿನಲ್ಲಿ ನೆನೆಸಿ ಬಿಡಿಸೋದು ಹೇಗೆ ಅಂತ ನಮಗೆ ಕಲಿಸಿದ್ದೂ ಅವರೇ. ಅಂಥವರು ಒಂದು ಬೆಳಿಗ್ಗೆ "ಇನ್ನೂ ಕಾಫಿ ಆಗಿಲ್ಲ" ಅಂದರು. ಮರುದಿನವೂ ಅದೇ. ಗಿರಿನಗರದವರು ತಡ ಮಾಡಲಿಲ್ಲ. "ಥೈರಾಯ್ಡ್ ಮಾತ್ರೆ ಶುರು ಆಯ್ತಾ ಸರ್?" ಆ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತಗೊಂಡು ಅರ್ಧ ಗಂಟೆಯೋ ಒಂದು ಗಂಟೆಯೋ ಕಾಯಬೇಕು. ಕಾಫಿ ಕುಡಿದರೆ ಅದು ಮೈಗೆ ಸರಿಯಾಗಿ ಹಿಡಿಯಲ್ಲ. ಗಿರಿನಗರದವರೂ ಅದನ್ನು ತಗೊಳ್ಳುವವರು, ಹಾಗಾಗಿ ಕಾಯುವ ಸಂಕಟ ಗೊತ್ತು. ದಕ್ಷಿಣ ಬೆಂಗಳೂರಿನಲ್ಲಿ ಕಾಫಿ ಒಂದು ಗಂಟೆ ಮುಂದೆ ಹೋಯಿತು ಅಂದರೆ ಅದಕ್ಕಿಂತ ದೊಡ್ಡ ಸುದ್ದಿ ಬೇಕಾ? ಜಾಲಹಳ್ಳಿ ಉತ್ತರ ಬೆಂಗಳೂರು ಅಂತ ಅವರು ಇಲ್ಲಿ ತಕರಾರು ಎತ್ತುತ್ತಾರೆ, ಎತ್ತಲಿ.

ಮಂಚದ ಕೆಳಗಿನ ಪೆಟ್ಟಿಗೆ

ಕೆಂಗೇರಿಯವರು ಒಂದಿಷ್ಟು ದಿನ ಬ್ಯಾಂಡಿನಿಂದ ಮಾಯ ಆಗಿದ್ದರು. ಫೋನಲ್ಲಿ ವಿಚಾರಿಸಿದರೆ ನಾಯ್ಸ್ ಅಂದರು. ರೇಡಿಯೋ ಹಾಕಿದರೆ ಬರೀ ಗರಗರ, ಮೀಟರಿನ ಮುಳ್ಳು ಎಸ್-9ರಿಂದ, ಅಂದರೆ ಜೋರಿನ ಒಂಬತ್ತನೇ ಗುರುತಿನಿಂದ, ಇಳಿಯೋದೇ ಇಲ್ಲ, ಯಾರ ಮಾತೂ ಕೇಳಲ್ಲ. ಇದು ಈಗ ಊರಿಗೆಲ್ಲ ಇರುವ ರೋಗ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಎಲ್ಲದರ ಒಳಗೂ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಸರ್ಕ್ಯೂಟ್ ಇರುತ್ತದೆ. ಅಗ್ಗದ್ದಾದರೆ ಒಳಗೆ ಫಿಲ್ಟರ್ ಹಾಕಿರಲ್ಲ, ಆ ಕೊಳೆಯೆಲ್ಲ ಮನೆಯ ವೈರಿಂಗ್ ಹಿಡಿದು ನಮ್ಮ ಆಂಟೆನಾಕ್ಕೆ ಬರುತ್ತದೆ.

ಅದನ್ನು ಹಿಡಿಯುವ ವಿಧಾನ ಸರಳ. ರೇಡಿಯೋವನ್ನು ಬ್ಯಾಟರಿಗೆ ಹಾಕು. ಮನೆಯ ಮೇನ್ ಆಫ್ ಮಾಡು. ನಾಯ್ಸ್ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಹೋಗು. ಯಾವುದಕ್ಕೆ ಮುಳ್ಳು ಏಳುತ್ತದೋ ಆ ರೂಮಿಗೆ ಹೋಗಿ ಒಂದೊಂದೇ ಪ್ಲಗ್ ತೆಗಿ. ಜಾಲಹಳ್ಳಿ ಮತ್ತು ನಾನು ಅವರ ಮನೆಗೆ ಹೋದೆವು. ನಾನು ಎಂಸಿಬಿ ಬೋರ್ಡಿನ ಹತ್ತಿರ, ಜಾಲಹಳ್ಳಿಯವರು ರೇಡಿಯೋ ಮುಂದೆ, ಹಾಲ್ ದಾಟಿ ಕೂಗಾಟ. ಹಾಲ್, ಅಡುಗೆಮನೆ, ಗೀಸರ್, ಎಲ್ಲ ಸರಿ. ಮಲಗುವ ಕೋಣೆಯ ಎಂಸಿಬಿ ಎತ್ತಿದ ತಕ್ಷಣ "ಸಿಕ್ತು ಸಿಕ್ತು!" ಒಳಗೆ ಹೋದೆವು. ಚಾರ್ಜರ್ ತೆಗೆದೆ, ಇಲ್ಲ. ರಾತ್ರಿ ದೀಪ ತೆಗೆದೆ, ಇಲ್ಲ. ಇನ್ನೊಂದು ವೈರು ಮಂಚದ ಕೆಳಗೆ ಹೋಗಿತ್ತು. ಕೆಂಗೇರಿಯವರು ಅಷ್ಟು ಹೊತ್ತು ಮಾತಿನ ಮಳೆ ಸುರಿಸುತ್ತಿದ್ದವರು ಸುಮ್ಮನಾದರು. ಎಳೆದರೆ ಒಂದು ಪುಟ್ಟ ಪೆಟ್ಟಿಗೆ, ಅದಕ್ಕೊಂದು ಕೊಳವೆ, ಮೂಗಿಗೆ ಹಾಕುವ ಮಾಸ್ಕು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಕೊಡುವ ಸಿಪ್ಯಾಪ್ ಯಂತ್ರ.

"ಅದು... ಗೊರಕೆದು" ಅಂದರು.

ಜಾಲಹಳ್ಳಿಯವರು ಬಗ್ಗಿ ಅಡಾಪ್ಟರ್ ಕೈಗೆ ತಗೊಂಡು ಕನ್ನಡಕ ಏರಿಸಿ ಅದರ ಮೇಲೆ ಬರೆದದ್ದನ್ನೆಲ್ಲ ಓದಿದರು. ಎಷ್ಟು ವೋಲ್ಟ್, ಎಷ್ಟು ಆ್ಯಂಪ್. "ಇದಕ್ಕೊಂದು ಫೆರೈಟ್ ರಿಂಗ್ ಹಾಕಿದ್ರೆ ಸಾಕು" ಅಂದರು. ಬ್ಯಾಗಿನಿಂದ ರಿಂಗ್ ತೆಗೆದು ವೈರನ್ನು ಅದರೊಳಗೆ ಏಳೆಂಟು ಸುತ್ತು ಸುತ್ತಿದರು. ಮುಳ್ಳು ಪೂರ್ತಿ ಇಳಿಯಲಿಲ್ಲ, ಆದರೆ ಮಾತು ಕೇಳುವಷ್ಟು ಇಳಿಯಿತು. ಆ ಯಂತ್ರ ಹಾಕಿಕೊಳ್ಳೋಕೆ ಶುರು ಮಾಡಿದ ಮೇಲೆ ಹಗಲು ತೂಕಡಿಕೆ ನಿಂತಿದೆಯಾ ಅಂತ ಕೇಳಿದ್ದೂ ಸುತ್ತುವಾಗಲೇ, ಮುಖ ನೋಡದೆ. ನಿಂತಿದೆ ಅಂದರು ಕೆಂಗೇರಿ. ಕಾರು ಓಡಿಸುವಾಗ ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು ಅಂತಲೂ ಅಂದರು. ಅದನ್ನು ಮನೆಯಲ್ಲೂ ಹೇಳಿರಲಿಲ್ಲ ಅಂತ ಬಾಗಿಲಲ್ಲಿ ನಿಂತಿದ್ದ ಅವರ ಮಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಲ್ಲಿ ಬೇರೆ, ಮಾತ್ರೆ ಬೇರೆ

ಇದೆಲ್ಲ ಕೇಳಿದರೆ ನಾವೆಲ್ಲ ಒಬ್ಬರಿಗೊಬ್ಬರು ವೈದ್ಯ ಮಾಡುತ್ತೇವೆ ಅನ್ನಿಸಬಹುದು. ಇಲ್ಲ. ಅಲ್ಲಿ ನಮ್ಮಲ್ಲಿ ಒಂದು ಗೆರೆ ಇದೆ, ಅದನ್ನು ಎಳೆದವರು ಗಿರಿನಗರ. ಮೋಟರ್ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ನೂರು ಕಿಲೋಮೀಟರ್ ದೂರದ ಟಿ.ಕೆ. ಹಳ್ಳಿಯಿಂದ ಹತ್ತಿ ಬಂದ ನೀರು ಸಂಪಿನಲ್ಲಿ ತುಂಬಿ ನಿಂತಿದೆ, ಅಲ್ಲಿಂದ ಟ್ಯಾಂಕಿಗೆ ಮೂರು ಮಹಡಿ ಹತ್ತಲ್ಲ, ಮೋಟರ್ ಬರೀ ಗುಂಯ್ ಅನ್ನುತ್ತೆ ತಿರುಗಲ್ಲ ಅಂದರೆ ಐದು ಜನ ಒಟ್ಟಿಗೆ "ಕೆಪಾಸಿಟರ್!" ಅನ್ನುತ್ತಾರೆ. ಬಹಳ ಸಲ ಅದೇ ಆಗಿರುತ್ತದೆ. ತಪ್ಪಾದರೆ ಹೋಗೋದು ಒಂದು ಕೆಪಾಸಿಟರಿನ ದುಡ್ಡು. (ಮುಟ್ಟುವ ಮೊದಲು ಡಿಸ್‌ಚಾರ್ಜ್ ಮಾಡಿ. ಸ್ವಿಚ್ ಆಫ್ ಆದಮೇಲೂ ಅದು ಹೊಡೆಯುತ್ತೆ.) ಮಾತ್ರೆ ವಿಷಯ ಹಾಗಲ್ಲ.

ಒಮ್ಮೆ ಬೇರೆ ಊರಿನ ಒಬ್ಬರು ಕೆಂಗೇರಿಯವರಿಗೆ ಹಾಗಲಕಾಯಿ ರಸ ಕುಡಿಯಿರಿ, ನಾನು ಮಾತ್ರೆ ಬಿಟ್ಟೇಬಿಟ್ಟೆ ಅಂದರು. ಗಿರಿನಗರದವರು ಜಗಳ ಆಡಲಿಲ್ಲ. ಪಾಠ ಮಾಡುವ ಧ್ವನಿಯಲ್ಲಿ ಕೇಳಿದರು. ಮೊದಲು ರೀಡಿಂಗ್ ಎಷ್ಟಿತ್ತು? ಈಗ ಎಷ್ಟು? ಎಷ್ಟು ದಿನದ ಅಂತರದಲ್ಲಿ? ಆ ನಡುವೆ ವಾಕಿಂಗ್ ಶುರು ಮಾಡಿದ್ರಾ, ಅನ್ನ ಕಡಿಮೆ ಮಾಡಿದ್ರಾ? ಅವರು ಎರಡಕ್ಕೂ ಹೌದು ಅಂದರು. "ಹಾಗಾದ್ರೆ ಆಂಟೆನಾ ಎತ್ತರವನ್ನೂ ಬದಲಾಯಿಸಿ, ಕೇಬಲ್ಲನ್ನೂ ಬದಲಾಯಿಸಿ, ಸಿಗ್ನಲ್ ಜಾಸ್ತಿ ಆಗಿದ್ದು ಕೇಬಲ್ಲಿಂದ ಅಂತ ಹೇಳ್ತಿದ್ದೀರಿ. ಓವರ್." ಇಂಥ ಉತ್ತರ ಹ್ಯಾಮ್‌ಗೆ ತಾಗುತ್ತದೆ, ಯಾಕೆಂದರೆ ಆ ತಪ್ಪಿನಿಂದ ಪ್ರತಿಯೊಬ್ಬನೂ ಒಂದು ಭಾನುವಾರ ಕಳೆದುಕೊಂಡಿರುತ್ತಾನೆ. ಅವರು ಮಾತ್ರೆ ಮತ್ತೆ ಶುರು ಮಾಡಿದರೋ ಇಲ್ಲವೋ ಹೇಳಲಿಲ್ಲ. ರಸದ ಪ್ರಚಾರ ಮಾತ್ರ ನಿಂತಿತು.

ಗಿರಿನಗರದವರಿಗೆ ನನ್ನ ಈ ಗುಮಾನಿಯನ್ನು ಹೇಳಿದೆ. ಗಾಂಧಿ ಬಜಾರಿನಲ್ಲಿ ದೋಸೆಗೆ ಕಾಯುತ್ತಾ ನಿಂತಿದ್ದಾಗ. ಅವರಿಗೆ ಇದರಲ್ಲಿ ಚೆಂದ ಏನೂ ಕಾಣಲಿಲ್ಲ. "ಗಂಡಸರಿಗೆ ಭಯ ಆಗ್ತಿದೆ ಅನ್ನೋಕೆ ಡ್ರಿಲ್ ಬಿಟ್ ಬೇಕಾ? ನೇರವಾಗಿ ಹೇಳಿದ್ರೆ ಎರಡು ತಿಂಗಳು ಮೊದಲೇ ಡೋಸ್ ಇಳಿಸಬಹುದಿತ್ತು." ಹೌದು. ಆ ಎರಡು ತಿಂಗಳಲ್ಲಿ ಬಸವೇಶ್ವರನಗರದವರು ಬಿದ್ದಿದ್ದರೆ ನಾನು ಈ ಬರಹವನ್ನು ಇಷ್ಟು ಖುಷಿಯಾಗಿ ಬರೆಯುತ್ತಿರಲಿಲ್ಲ.

ಆದರೂ ನಾನು ಪೂರ್ತಿ ಒಪ್ಪಲಿಲ್ಲ. ರೇಡಿಯೋದಲ್ಲಿ ಆಡಿದ ಮಾತು ಎಲ್ಲರಿಗೂ ಕೇಳುತ್ತದೆ. ಹುಬ್ಬಳ್ಳಿಗೂ ಕೇಳುತ್ತದೆ, ಲೈಸೆನ್ಸ್ ಇಲ್ಲದೆ ಬರೀ ಕೇಳಿಸಿಕೊಳ್ಳುವವರಿಗೂ ಕೇಳುತ್ತದೆ. ಅಲ್ಲಿ ನೇರವಾಗಿ ಹೇಳಿಕೊಳ್ಳೋದು ಮಾರ್ಕೆಟ್ ಮಧ್ಯೆ ಮೆಡಿಕಲ್ ರಿಪೋರ್ಟ್ ಬಿಚ್ಚಿದ ಹಾಗೆ. ಸುತ್ತಿ ಬಳಸಿ ಹೇಳೋದಕ್ಕೆ ಪುಕ್ಕಲುತನ ಒಂದೇ ಕಾರಣ ಅಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕೋಕೆ ಆಗಲ್ಲ. ಮೈಕ್ ಒತ್ತಿದರೆ ಇಬ್ಬರದ್ದೂ ಕೆಡುತ್ತದೆ. ಹಾಗಾಗಿ "ಓವರ್" ಅನ್ನುವವರೆಗೂ ಕೇಳಲೇಬೇಕು. ಮನೆಯಲ್ಲಿ ಊಟದ ಮೇಜಿನ ಮುಂದೆ ಮೂರನೇ ವಾಕ್ಯಕ್ಕೆ ಯಾರೋ ಮಾತು ಕತ್ತರಿಸುತ್ತಾರೆ. ಮಕ್ಕಳ ಮುಂದೆ ಟೈಲ್ಸ್ ಬಗ್ಗೆ ಶುರು ಮಾಡಿದರೆ "ಪ್ಲಂಬರ್‌ನ ಕರೆಸ್ತೀನಿ ಬಿಡಪ್ಪ" ಅಂತ ಮುಗಿಸುತ್ತಾರೆ. ಪ್ಲಂಬರ್ ಬರುತ್ತಾನೆ, ಕೆಲಸ ಆಗುತ್ತದೆ. ಟವಲ್ಲಿನ ಎತ್ತರಕ್ಕೆ ರಾಡು ಬೀಳುತ್ತದೆ.

ಈ ವಾದ ಕೇಳಿ ಗಿರಿನಗರದವರು, ಸರಿ, ಕೇಳೋಕೆ ನಿಮಗೆ ಕಿವಿ ಇದೆ ಅಂತ ಇಟ್ಟುಕೊಳ್ಳೋಣ, ಕೇಳಿದ ಮೇಲೆ ಎಷ್ಟು ಜನ ಫೋನ್ ಎತ್ತಿದ್ರಿ ಅಂದರು. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು, ಒಳಗೆ ಹೋದೆವು.

ಹೋದ ವಾರ ನಾನೇ ಒಂದು ಪ್ರಶ್ನೆ ಹಾಕಿದೆ. ಸೋಲ್ಡರಿಂಗ್ ಮೇಜಿಗೆ ಲೆನ್ಸ್ ಇರುವ ದೀಪ ತಗೋಬೇಕು, ಸುತ್ತ ಎಲ್‌ಇಡಿ ಇರುತ್ತಲ್ಲ ಅಂಥದ್ದು, ಆದರೆ ನಾಯ್ಸ್ ಮಾಡಬಾರದು, ಯಾವುದು ಒಳ್ಳೇದು ಅಂತ. ಈಚೆಗೆ ರೆಸಿಸ್ಟರಿನ ಕೆಂಪು ಪಟ್ಟಿ ಯಾವುದು ಕಂದು ಪಟ್ಟಿ ಯಾವುದು ಅಂತ ಎರಡೆರಡು ಸಲ ನೋಡಬೇಕಾಗುತ್ತಿದೆ, ದೀಪ ಸ್ವಲ್ಪ ಮಂದ ಇರಬೇಕು ಅಂತಲೂ ಸೇರಿಸಿದೆ. ಜಾಲಹಳ್ಳಿಯವರು ರಾತ್ರಿ ಗಾಡಿ ಓಡಿಸ್ತೀರಾ ಅಂದರು. ಕೆಂಗೇರಿಯವರು ಎದುರಿನಿಂದ ಬರುವ ಹೆಡ್‌ಲೈಟ್ ಸುತ್ತ ಬಳೆ ಕಾಣುತ್ತಾ ಅಂತ ಕೇಳಿದರು. ಬಸವೇಶ್ವರನಗರದವರು ತಮ್ಮ ಕಣ್ಣಿನ ಡಾಕ್ಟರ ಶನಿವಾರದ ಟೈಮಿಂಗ್ ಹೇಳಿದರು, ಪಾರ್ಕಿಂಗ್ ಎಲ್ಲಿ ಸಿಗುತ್ತೆ ಅಂತಲೂ ಹೇಳಿದರು. ಗಿರಿನಗರದವರು ಶನಿವಾರ ನಾನೂ ಆ ಕಡೆ ಹೋಗ್ತಿದ್ದೀನಿ, ಹತ್ತು ಗಂಟೆಗೆ ಗೇಟಿನ ಹತ್ತಿರ ಇರಿ, ಓವರ್ ಅಂದರು. ದೀಪ ಯಾವುದು ತಗೋಬೇಕು ಅಂತ ಒಬ್ಬರೂ ಹೇಳಿಲ್ಲ.